ಅಜ್ಜಿಯ ರೇಡಿಯೋ ಮತ್ತು ಬೆಸುಗೆಯ ಕಾವು

ಬೆಂಗಳೂರಿನ ಬಸವನಗುಡಿಯ ಒಂದು ಮನೆಯಲ್ಲಿ, ಭಾನುವಾರ ಬೆಳಿಗ್ಗೆ, ಅಡುಗೆಮನೆಯ ಗೂಡಿನಲ್ಲಿದ್ದ ಟ್ರಾನ್ಸಿಸ್ಟರ್ ರೇಡಿಯೋ ಕೈತಪ್ಪಿ ಕೆಳಗೆ ಬಿದ್ದಿತು. ಒಡೆಯಲಿಲ್ಲ, ಆದರೆ ಮಾತು ನಿಂತುಹೋಯಿತು. ಮನೆಯ ಹಿರಿಯರು ನಿವೃತ್ತರಾದ ವರ್ಷ ಕೊಂಡು ತಂದ ರೇಡಿಯೋ ಅದು. ಅವರು ತೀರಿಕೊಂಡು ಆರು ವರ್ಷಗಳಾಗಿದ್ದರೂ ಅಜ್ಜಿ ಪ್ರತಿದಿನ ಬೆಳಗಿನ ವಾರ್ತೆಯನ್ನು ಅದರಲ್ಲಿಯೇ ಕೇಳುವರು. ಅದೇ ವಾರ್ತೆ ಮೊಬೈಲಿನಲ್ಲಿಯೂ ದೊರೆಯುವುದೆಂದು ಮಕ್ಕಳು ಎಷ್ಟು ಸಲ ಹೇಳಿದರೂ, “ಆ ಗುಂಡಿ ತಿರುಗಿಸುವುದು ನನ್ನ ಕೈಗೆ ಗೊತ್ತು, ಇದು ಗೊತ್ತಿಲ್ಲ” ಎಂಬುದೊಂದೇ ಅವರ ಉತ್ತರ.

ಪಿ.ಯು.ಸಿ. ಓದುತ್ತಿದ್ದ ಮೊಮ್ಮಗಳು ಹಿಂದಿನ ಮುಚ್ಚಳವನ್ನು ತೆಗೆದು ನೋಡಿದಳು. ಬ್ಯಾಟರಿಯ ಸ್ಪ್ರಿಂಗಿನಿಂದ ಬಂದ ಕೆಂಪು ತಂತಿ ಬೋರ್ಡಿನಿಂದ ಕಿತ್ತುಬಂದಿತ್ತು. ಎರಡು ಬೆಸುಗೆ ಹಾಕಿದರೆ ತೀರುವ ಕೆಲಸ. ಅವಳಲ್ಲಿ ಪೆನ್ನಿನಷ್ಟು ಗಾತ್ರದ ಹೊಸ ಸೋಲ್ಡರಿಂಗ್ ಐರನ್ ಇತ್ತು. ಅದರ ಮೈಮೇಲೆ ಕಾವಿನ ಅಂಕಿಗಳನ್ನು ತೋರಿಸುವ ಪುಟ್ಟ ಪರದೆಯೂ ಇತ್ತು. ಅದನ್ನು ಫೋನಿನ ಚಾರ್ಜರಿಗೆ ಸಿಕ್ಕಿಸಿ, 350 ಡಿಗ್ರಿಗೆ ಇಟ್ಟು, ಮೊದಲು ಸ್ಪ್ರಿಂಗಿಗೆ ಮುಟ್ಟಿಸಿದಳು. ಪರದೆಯ ಅಂಕಿಗಳು ಜರ್ರನೆ ಇಳಿದುವು. ಸೀಸ ಹರಿಯಲಿಲ್ಲ, ಸಾಸಿವೆಯಂತೆ ಉರುಟಾಗಿ ಉರುಳಿ ಬಿದ್ದಿತು. 420ಕ್ಕೆ ಏರಿಸಿದಳು, ಬೋರ್ಡಿನ ಮೇಲೆ ಒತ್ತಿಹಿಡಿದಳು, ಅರ್ಧ ನಿಮಿಷ ಕಾದಳು. ಕೊನೆಗೆ ಕರಗಿದ್ದೇನೋ ನಿಜ. ಆದರೆ ಐರನ್ನನ್ನು ಎತ್ತಿದಾಗ ಬೋರ್ಡಿಗೆ ಅಂಟಿಸಿದ್ದ ತಾಮ್ರದ ತೆಳುಪಟ್ಟಿಯೂ ಎದ್ದುಬಂದಿತು.

ಅಜ್ಜಿ ಗದರಿಸಲಿಲ್ಲ. “ಆತುರಗಾರನಿಗೆ ಬುದ್ಧಿ ಮಟ್ಟ, ಮಗು” ಎಂದಷ್ಟೇ ಹೇಳಿ ಒಳಗೆ ಹೋದರು. ಆದರೆ ಮರುದಿನ ಬೆಳಿಗ್ಗೆ ವಾರ್ತೆಯ ಹೊತ್ತಿಗೆ ಅವರ ಕೈ ಅಭ್ಯಾಸಬಲದಿಂದ ಬರಿದಾದ ಗೂಡಿನ ಕಡೆಗೆ ಹೋಗಿ ಹಿಂದಿರುಗಿದುದನ್ನು ಹುಡುಗಿ ಕಂಡಳು.

ತಪ್ಪು ಎಲ್ಲಿ ಆಯಿತು? ಹುಡುಗಿಯ ಕೈ ಅಷ್ಟೇನೂ ಕೆಟ್ಟದ್ದಲ್ಲ, ಐರನ್ನೂ ಕೆಟ್ಟದ್ದಲ್ಲ. ಮನೆಯ ಸಣ್ಣಪುಟ್ಟ ರಿಪೇರಿಗೆಂದು ಇಂದು ಅನೇಕರು ಕೊಳ್ಳುತ್ತಿರುವ ಈ ಜೇಬಿನ ಉಪಕರಣದ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪನ್ನೇ ಅವಳೂ ಮಾಡಿದ್ದಳು. ಐರನ್ ಎಷ್ಟು ಡಿಗ್ರಿಯವರೆಗೆ ಕಾಯುತ್ತದೆ ಎಂದು ನೋಡಿ ಕೊಂಡಿದ್ದಳೇ ಹೊರತು, ಕಳೆದುಕೊಂಡ ಕಾವನ್ನು ಎಷ್ಟು ಬೇಗ ಮರಳಿ ತುಂಬಿಕೊಳ್ಳುತ್ತದೆ ಎಂಬುದನ್ನು ವಿಚಾರಿಸಿರಲಿಲ್ಲ.

ಹಿಂದೆ ಬೀದಿಬೀದಿಗೆ ಬರುತ್ತಿದ್ದ ಕಲಾಯಿಯವನನ್ನು ಕಂಡವರಿಗೆ ಬೆಸುಗೆಯ ಮರ್ಮವನ್ನು ಬೇರೆ ಹೇಳಬೇಕಾಗಿಲ್ಲ. ಅವನು ಹಿತ್ತಾಳೆಯ ಪಾತ್ರೆಯನ್ನು ಮೊದಲು ತಿಕ್ಕಿ ಶುದ್ಧಮಾಡುವನು. ಇದ್ದಲಿನ ಉರಿಯ ಮೇಲೆ ಪಾತ್ರೆಯನ್ನು ಚೆನ್ನಾಗಿ ಕಾಯಿಸುವನು. ನವಸಾಗರದ ಪುಡಿಯನ್ನು ಉದುರಿಸಿ, ಬಿಳಿಯ ಹೊಗೆ ಏಳುತ್ತಿರುವಂತೆಯೇ ತವರದ ಕಡ್ಡಿಯನ್ನು ಕಾದ ಪಾತ್ರೆಗೆ ಮುಟ್ಟಿಸುವನು. ತವರ ಕರಗುವುದು ನೇರವಾಗಿ ಬೆಂಕಿಯಿಂದಲ್ಲ, ಪಾತ್ರೆಯ ಕಾವಿನಿಂದ. ಆದುದರಿಂದಲೇ ಅದು ಪಾತ್ರೆಯನ್ನು ಕಚ್ಚಿಹಿಡಿಯುತ್ತದೆ. ತಣ್ಣನೆಯ ಪಾತ್ರೆಯ ಮೇಲೆ ಕರಗಿದ ತವರವನ್ನು ಸುರಿದರೆ ಅದು ಅಂಟುವುದಿಲ್ಲ, ಉಂಡೆಗಟ್ಟಿ ಜಾರಿಹೋಗುತ್ತದೆ.

ರೇಡಿಯೋ ಬೋರ್ಡಿನ ಬೆಸುಗೆಯೂ ಇದೇ ಕೆಲಸ. ಅಳತೆ ಮಾತ್ರ ಚಿಕ್ಕದು. ಕಾಯಬೇಕಾದದ್ದು ತಂತಿ ಮತ್ತು ತಾಮ್ರದ ಪಟ್ಟಿ. ಸೀಸ ಅವುಗಳ ಕಾವಿಗೆ ಕರಗಬೇಕು. ನವಸಾಗರದ ಬದಲು ಇಲ್ಲಿ ಪೈನ್ ಮರದ ಅಂಟಿನಿಂದ ಪಡೆದ ರಾಳವನ್ನು ಬಳಸುವರು. ಅದು ಬೆಸುಗೆ ತಂತಿಯ ಹೊಟ್ಟೆಯೊಳಗೇ ತುಂಬಿರುತ್ತದೆ. ಪಾತ್ರೆಯ ಕೆಲಸಕ್ಕೆ ಬಳಸುವ ನವಸಾಗರವನ್ನಾಗಲಿ ಆಮ್ಲವನ್ನಾಗಲಿ ಬೋರ್ಡಿಗೆ ತಾಗಿಸಕೂಡದು. ಅದರ ಶೇಷ ಉಳಿದು ಸಣ್ಣ ತಂತಿಗಳನ್ನು ಮೆಲ್ಲಮೆಲ್ಲನೆ ತಿಂದುಹಾಕುತ್ತದೆ.

ಇನ್ನು ಕಾವಿನ ಲೆಕ್ಕ. ನೂರರಲ್ಲಿ 63 ಭಾಗ ತವರ, 37 ಭಾಗ ಸೀಸ ಇರುವ ಬೆಸುಗೆ ತಂತಿ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಬರಿಯ ತವರ ಕರಗಲು 232 ಡಿಗ್ರಿ, ಬರಿಯ ಸೀಸ ಕರಗಲು 327 ಡಿಗ್ರಿ ಬೇಕು. ಎರಡೂ ಬೆರೆತಾಗ ಬಿಂದು ಎರಡಕ್ಕಿಂತಲೂ ಕೆಳಗಿಳಿಯುವುದು ಈ ಮಿಶ್ರಣದ ವಿಶೇಷ. ಯೂರೋಪಿನಲ್ಲಿ 2006ರ ಜುಲೈಯಿಂದ ವಿದ್ಯುನ್ಮಾನ ಸಾಮಗ್ರಿಗಳಲ್ಲಿ ಸೀಸದ ಬಳಕೆಯನ್ನು ನಿರ್ಬಂಧಿಸಿದ ಮೇಲೆ ತವರ, ಬೆಳ್ಳಿ, ತಾಮ್ರಗಳ ಮಿಶ್ರಣ ಬಳಕೆಗೆ ಬಂದಿತು. ಅದು ಕರಗಲು ಸುಮಾರು 217ರಿಂದ 220 ಡಿಗ್ರಿ ಬೇಕು. ಐರನ್ನಿನ ಮೊನೆಯನ್ನು ಮೊದಲನೆಯದಕ್ಕೆ 320ರಿಂದ 350, ಎರಡನೆಯದಕ್ಕೆ 350ರಿಂದ 380 ಡಿಗ್ರಿಗೆ ಇಟ್ಟರೆ ಸಾಮಾನ್ಯ ಕೆಲಸಕ್ಕೆ ಸಾಕು. ಅಂದಮೇಲೆ 450 ಡಿಗ್ರಿ ಮುಟ್ಟುವ ಐರನ್ ಎಂಬ ಜಾಹೀರಾತಿಗೆ ಮನೆಯ ರಿಪೇರಿಯಲ್ಲಿ ಹೆಚ್ಚಿನ ಅರ್ಥವಿಲ್ಲ.

ಹಾಗಾದರೆ 350 ಡಿಗ್ರಿಗೆ ಇಟ್ಟಿದ್ದರೂ ಹುಡುಗಿಯ ಸೀಸ ಏಕೆ ಹರಿಯಲಿಲ್ಲ? ಇದಕ್ಕೆ ಉತ್ತರ ಪ್ರತಿಯೊಂದು ಅಡುಗೆಮನೆಯಲ್ಲಿಯೂ ಇದೆ. ತೆಳ್ಳನೆಯ ತಗಡಿನ ಕಾವಲಿಯನ್ನು ಸಣ್ಣ ಉರಿಯ ಮೇಲಿಟ್ಟರೆ ಅದೂ ಕಾಯುತ್ತದೆ. ಮೊದಲ ಸೌಟು ಹಿಟ್ಟು ಬಿದ್ದೊಡನೆ ಅದರ ಕಾವೆಲ್ಲ ಹಿಟ್ಟಿಗೆ ಹೋಗಿ ಕಾವಲಿ ತಣ್ಣಗಾಗುತ್ತದೆ, ದೋಸೆ ಏಳುವುದಿಲ್ಲ. ದಪ್ಪ ಕಬ್ಬಿಣದ ಕಾವಲಿ ಕಾವನ್ನು ಹಿಡಿದಿಟ್ಟುಕೊಂಡಿರುತ್ತದೆ; ಕೆಳಗೆ ಒಳ್ಳೆಯ ಉರಿಯಿದ್ದರೆ ಹೋದದ್ದು ಕ್ಷಣದಲ್ಲಿ ಮರಳಿ ಬರುತ್ತದೆ. ಎರಡು ಕಾವಲಿಗಳೂ ಮೊದಲು ಒಂದೇ ಡಿಗ್ರಿಯಲ್ಲಿದ್ದಿರಬಹುದು. ದೋಸೆಯ ಹಣೆಬರಹ ಮಾತ್ರ ಬೇರೆ. ಐರನ್ನಿನಲ್ಲಿ ಮೊನೆಯೇ ಕಾವಲಿ. ಅದಕ್ಕೆ ಹರಿದುಬರುವ ವಿದ್ಯುತ್ತೇ ಉರಿ. ಬ್ಯಾಟರಿಯ ಸ್ಪ್ರಿಂಗು, ದಪ್ಪ ತಂತಿ, ಬೋರ್ಡಿನ ಅಗಲವಾದ ತಾಮ್ರದ ಪಟ್ಟಿ, ಇವೆಲ್ಲ ಕಾವನ್ನು ಹೀರುವ ವಸ್ತುಗಳು. ಉರಿ ಸಾಲದಿದ್ದಾಗ ಬೆಸುಗೆ ಎರಡು ಮೂರು ಸೆಕೆಂಡುಗಳಲ್ಲಿ ಮುಗಿಯದೆ ಅರ್ಧ ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತಿಗೆ ರಾಳ ಸುಟ್ಟು ಕರಕಲಾಗುತ್ತದೆ. ಬೋರ್ಡಿಗೆ ತಾಮ್ರವನ್ನು ಹಿಡಿದಿಟ್ಟಿರುವ ಅಂಟು ಸಡಿಲವಾಗುತ್ತದೆ. ಕಾವು ಕಡಮೆಯಾದುದರಿಂದಲೇ ಬೋರ್ಡು ಸುಟ್ಟಿತು ಎಂದರೆ ವಿಚಿತ್ರವೆನಿಸಬಹುದು. ಆದರೂ ಅದು ಸತ್ಯ.

ಬುಧವಾರ ಮೈಸೂರಿನಿಂದ ಹುಡುಗಿಯ ದೊಡ್ಡಪ್ಪ ಬಂದರು. ಅಜ್ಜಿಯ ಹಿರಿಯ ಮಗನಾದ ಅವರು ಕಾರ್ಖಾನೆಯೊಂದರಲ್ಲಿ ಬೆಸುಗೆಯ ವಿಭಾಗದಲ್ಲಿಯೇ ದುಡಿದು ನಿವೃತ್ತರಾದವರು. ಎದ್ದುಬಂದ ತಾಮ್ರದ ಪಟ್ಟಿಯನ್ನು ಕನ್ನಡಕ ಏರಿಸಿ ನೋಡಿ, ಅವರು ಮೊದಲು ಕೇಳಿದ್ದು ಐರನ್ನನ್ನಲ್ಲ.

“ಚಾರ್ಜರ್ ಎಲ್ಲಿ? ಅದನ್ನು ತೋರಿಸಮ್ಮ.”

“ಚಾರ್ಜರಿನಲ್ಲಿ ಏನಿದೆ ದೊಡ್ಡಪ್ಪ? ಫೋನಿಗೆ ಚೆನ್ನಾಗಿಯೇ ಕೆಲಸ ಮಾಡುತ್ತದೆ.”

“ಫೋನು ಎರಡು ಗಂಟೆ ಕಾದು ಕುಡಿಯುತ್ತದೆ. ಐರನ್ನಿಗೆ ಅಷ್ಟು ತಾಳ್ಮೆಯಿಲ್ಲ” ಎಂದು ಹೇಳಿ, ಅವರು ಒಂದು ಚೀಟಿಯ ಮೇಲೆ ಲೆಕ್ಕ ಬರೆದು ತೋರಿಸಿದರು.

ಆ ಲೆಕ್ಕ ಈ ಬಗೆಯದು. ಐರನ್ನಿನೊಳಗಿನ ಕಾಯುವ ಸುರುಳಿಯ ಪ್ರತಿರೋಧ 8 ಓಮ್ ಎಂದು ಇಟ್ಟುಕೊಳ್ಳಬಹುದು. ವೋಲ್ಟೇಜನ್ನು ಅದರಿಂದಲೇ ಗುಣಿಸಿ, 8ರಿಂದ ಭಾಗಿಸಿದರೆ ದೊರೆಯುವ ವ್ಯಾಟುಗಳು ತಿಳಿಯುತ್ತವೆ. ಸಾಮಾನ್ಯವಾದ 20 ವ್ಯಾಟಿನ ಫೋನ್ ಚಾರ್ಜರು ಹೆಚ್ಚೆಂದರೆ 9 ವೋಲ್ಟ್ ಕೊಡುವುದುಂಟು. ಆಗ ಐರನ್ನಿಗೆ ಸಿಗುವುದು ಸುಮಾರು 10 ವ್ಯಾಟ್ ಮಾತ್ರ. ಲ್ಯಾಪ್‌ಟಾಪಿನ ಟೈಪ್-ಸಿ ಚಾರ್ಜರು 20 ವೋಲ್ಟ್ ಕೊಡುತ್ತದೆ. ಅದೇ ಐರನ್ನಿಗೆ 50 ವ್ಯಾಟ್ ಸಿಗುತ್ತದೆ. ವೋಲ್ಟೇಜು ಅರ್ಧವಾದರೆ ಕಾವು ಅರ್ಧವಾಗುವುದಿಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ಜನಪ್ರಿಯವಾದ ಟಿ.ಎಸ್.100 ಎಂಬ ಜೇಬಿನ ಐರನ್ನಿನ ತಯಾರಕರೇ ಕೊಟ್ಟಿರುವ ಅಂಕಿಗಳೂ ಇದನ್ನೇ ಹೇಳುತ್ತವೆ: 12 ವೋಲ್ಟಿಗೆ 17 ವ್ಯಾಟ್, 19 ವೋಲ್ಟಿಗೆ 40 ವ್ಯಾಟ್, 24 ವೋಲ್ಟಿಗೆ 65 ವ್ಯಾಟ್. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಮುದ್ರಿಸುವುದು ಕೊನೆಯ ಅಂಕಿಯನ್ನು ಎಂಬುದನ್ನು ಕೊಳ್ಳುವವರು ನೆನಪಿಡಬೇಕು.

ಆದ್ದರಿಂದ ಟೈಪ್-ಸಿ ಐರನ್ ಕೊಳ್ಳುವವರು ಮನೆಯಲ್ಲಿರುವ ಚಾರ್ಜರನ್ನು ಮೊದಲು ತಿರುಗಿಸಿ ನೋಡುವುದು ಒಳ್ಳೆಯದು. ಅದರ ಬೆನ್ನಮೇಲೆ ಸಣ್ಣ ಅಕ್ಷರಗಳಲ್ಲಿ 5, 9, 15, 20 ವೋಲ್ಟ್ ಎಂದು ಸಾಲಾಗಿ ಬರೆದಿರುತ್ತದೆ. 20 ವೋಲ್ಟ್ ಇದ್ದು, ಒಟ್ಟು 60 ವ್ಯಾಟಿಗೆ ಕಡಮೆಯಿಲ್ಲದಿದ್ದರೆ ಸಾಕು. ಕೇಬಲ್ಲಿನ ಕಡೆಗೂ ಗಮನವಿರಬೇಕು: ಸಾಧಾರಣ ಟೈಪ್-ಸಿ ಕೇಬಲ್ಲು 3 ಆಂಪಿಯರಿಗಿಂತ ಹೆಚ್ಚನ್ನು ಸಾಗಿಸುವುದಿಲ್ಲ. ಸಿಲಿಕೋನ್ ಹೊದಿಕೆಯ ಮೆತ್ತನೆಯ ಕೇಬಲ್ಲಾದರೆ ಕೈಯನ್ನು ಎಳೆಯುವುದಿಲ್ಲ. ಕಾದ ಮೊನೆ ತಾಗಿದರೂ ಬೇಗ ಕರಗುವುದಿಲ್ಲ.

ಕೈಯಲ್ಲಿ ಹಿಡಿದು ಕೆಲಸ ಮಾಡುವ ವಿದ್ಯುತ್ ಐರನ್ ಹೊಸದೇನೂ ಅಲ್ಲ. ಜರ್ಮನಿಯ ಎರ್ನ್ಸ್ಟ್ ಸ್ಯಾಕ್ಸ್ 1921ರಲ್ಲಿಯೇ ಅದನ್ನು ತಯಾರಿಸಿ ಮಾರಾಟಕ್ಕೆ ತಂದನು. ಅದಕ್ಕೆ ಮುಂಚೆ ತಾಮ್ರದ ಗಟ್ಟಿಯನ್ನು ಇದ್ದಲಿನಲ್ಲಿ ಕಾಯಿಸಿ, ಆರಿದಂತೆಲ್ಲ ಮತ್ತೆ ಕಾಯಿಸಿ, ಕೆಲಸ ನಡೆಸುತ್ತಿದ್ದರು. ಇಂದು ಮನೆಯ ಮಟ್ಟಿಗೆ ನಾಲ್ಕು ಬಗೆಯ ಐರನ್ನುಗಳು ಪೇಟೆಯಲ್ಲಿವೆ.

ಮೊದಲನೆಯದು, ಗೋಡೆಯ ಪ್ಲಗ್ಗಿಗೆ ನೇರವಾಗಿ ಸೇರುವ 25 ವ್ಯಾಟಿನ ಸಾದಾ ಐರನ್. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಪೇಟೆಗಳಲ್ಲಿ ಕೆಲವು ನೂರು ರೂಪಾಯಿಗಳಿಗೆ ದೊರೆಯುತ್ತದೆ. ಬಿಟ್ ಸವೆದರೆ ಹೊಸದೂ ಸಿಗುತ್ತದೆ. ಕಾವಿನ ಹತೋಟಿ ಇದಕ್ಕಿಲ್ಲ. ಕೆಲಸವಿಲ್ಲದೆ ಇಟ್ಟಾಗ ಅತಿಯಾಗಿ ಕಾಯುತ್ತದೆ. ದಪ್ಪ ಕೆಲಸಕ್ಕೆ ಹಚ್ಚಿದರೆ ಆರುತ್ತದೆ. ಆದರೂ ಒಂದೇ ಮೇಜಿನಲ್ಲಿ ಕುಳಿತು ಕಲಿಯುವವರಿಗೆ ಇದು ಬಡವರ ಬಂಧು. ಎರಡನೆಯದು, ಬ್ಯೂಟೇನ್ ಅನಿಲದಿಂದ ಕಾಯುವಂಥದು. ವಿದ್ಯುತ್ತಿಲ್ಲದ ಕಡೆ, ತೋಟದ ಪಂಪಿನ ಬಳಿ, ಛಾವಣಿಯ ಮೇಲೆ ಅನುಕೂಲ. ಆದರೆ ಅದರ ಪಕ್ಕದ ರಂಧ್ರದಿಂದ ಬಿಸಿಗಾಳಿ ಹೊರಡುವುದರಿಂದ ಹತ್ತಿರದ ಪ್ಲಾಸ್ಟಿಕ್ ಬಾಡಿಹೋಗುವುದುಂಟು. ರೇಡಿಯೋವಿನೊಳಗಿನ ಇಕ್ಕಟ್ಟಿಗೆ ಅದು ಹೇಳಿಸಿದ್ದಲ್ಲ. ಮೂರನೆಯದು, ಹೊಟ್ಟೆಯಲ್ಲಿಯೇ ಬ್ಯಾಟರಿ ಇರುವಂಥದು. ತೆಳುತಂತಿಯೊಂದೆರಡನ್ನು ಜೋಡಿಸಲು ಸಾಕು. ಸ್ಪ್ರಿಂಗಿನ ಮುಂದೆ ಅದೂ ಸೋಲುತ್ತದೆ.

ನಾಲ್ಕನೆಯದೇ ಹೊರಗಿನ ಚಾರ್ಜರಿನಿಂದ ನಡೆಯುವ, ಕಾವನ್ನು ತಾನೇ ಅಳೆದು ಹತೋಟಿಯಲ್ಲಿಡುವ ಪೆನ್ನಿನಂಥ ಐರನ್. ಮೇಲೆ ಹೇಳಿದ ಟಿ.ಎಸ್.100, 2020ರಲ್ಲಿ ಬಂದ ಪೈನ್‌ಸಿಲ್ ಮೊದಲಾದವು ಈ ವರ್ಗದವು. ಇವುಗಳಲ್ಲಿ ಕಾಯುವ ಸುರುಳಿ, ಕಾವನ್ನು ಅಳೆಯುವ ಅಂಗ, ಮೊನೆ ಮೂರೂ ಒಂದೇ ತುಂಡಾಗಿರುತ್ತವೆ. ಕಾವು ಹುಟ್ಟುವ ಸ್ಥಳ ಮೊನೆಗೆ ತೀರ ಹತ್ತಿರವಾದ್ದರಿಂದ ಹೋದ ಕಾವು ಬೇಗ ತುಂಬಿಬರುತ್ತದೆ. ತಕ್ಕ ಚಾರ್ಜರಿದ್ದರೆ ಅರ್ಧ ನಿಮಿಷದೊಳಗಾಗಿ ಕೆಲಸಕ್ಕೆ ಸಿದ್ಧ. ಊರಿಂದೂರಿಗೆ ಒಯ್ಯುವವರಿಗೂ, ಮೇಜಿಗೆಂದೇ ಜಾಗವಿಲ್ಲದ ಸಣ್ಣ ಮನೆಯವರಿಗೂ ಇದಕ್ಕಿಂತ ಅನುಕೂಲವಾದದ್ದಿಲ್ಲ. ಆದರೆ ಕೊಳ್ಳುವ ಮುನ್ನ ಆ ಮೊನೆಯ ಬದಲಿ ತುಂಡುಗಳು ಬಿಡಿಯಾಗಿ ದೊರೆಯುವುವೇ ಎಂದು ವಿಚಾರಿಸಬೇಕು. ಬದಲಿ ಮೊನೆ ಸಿಗದ ಐರನ್, ಮೊನೆ ಸವೆದ ದಿನವೇ ಕಸವಾಗುತ್ತದೆ.

“ಮೊನೆ ಸೂಜಿಯಂತಿದ್ದರೆ ಸಣ್ಣ ಕೆಲಸಕ್ಕೆ ಒಳ್ಳೆಯದಲ್ಲವೇ ದೊಡ್ಡಪ್ಪ?” ಎಂದು ಹುಡುಗಿ ಕೇಳಿದಳು.

“ಎಲ್ಲರೂ ಹಾಗೆಯೇ ತಿಳಿಯುವುದು. ಸೂಜಿಯ ತುದಿ ಎಷ್ಟು ಜಾಗವನ್ನು ಮುಟ್ಟುತ್ತದೆ ಹೇಳು? ಕಾವು ಹರಿಯಬೇಕಾದರೆ ಮೈಗೆ ಮೈ ತಾಗಬೇಕು. ಉಳಿಯಂತೆ ಚಪ್ಪಟೆಯಾದ ಮೊನೆ, ಎರಡು ಎರಡೂವರೆ ಮಿಲಿಮೀಟರ್ ಅಗಲದ್ದು, ತೆಗೆದುಕೋ. ನಿನ್ನ ಹತ್ತು ಕೆಲಸಗಳಲ್ಲಿ ಎಂಟು ಅದರಲ್ಲಿಯೇ ಆಗುತ್ತವೆ.”

ಮೊನೆಯ ಆರೈಕೆಯೂ ತಿಳಿದಿರಬೇಕಾದ ವಿಷಯ. ಒಳಗಿನ ತಾಮ್ರವನ್ನು ಕರಗಿದ ತವರ ತಿಂದುಹಾಕುವುದರಿಂದ ಮೊನೆಯ ಮೇಲೆ ಕಬ್ಬಿಣದ ತೆಳುಲೇಪವನ್ನು ಕೊಟ್ಟಿರುತ್ತಾರೆ. ಅದನ್ನು ಅರದಿಂದಾಗಲಿ ಉಪ್ಪುಕಾಗದದಿಂದಾಗಲಿ ಉಜ್ಜಿದರೆ ಲೇಪ ಹೋಯಿತು, ಮೊನೆಯೂ ಹೋಯಿತು. ಒದ್ದೆ ಸ್ಪಾಂಜಿನಿಂದಲೋ ಹಿತ್ತಾಳೆಯ ಸಿಂಬೆಯಿಂದಲೋ ಒರೆಸಿ, ಆರಿಸುವ ಮುನ್ನ ಒಂದಿಷ್ಟು ಸೀಸವನ್ನು ಹಚ್ಚಿ ಇಡತಕ್ಕದ್ದು. ಕಲಾಯಿ ಇದ್ದ ಪಾತ್ರೆಯಂತೆ ಕಲಾಯಿ ಇದ್ದ ಮೊನೆಯೂ ಬಾಳುತ್ತದೆ.

ಮಕ್ಕಳಿರುವ ಮನೆಯಲ್ಲಿ ಎಚ್ಚರಿಕೆಯ ಮಾತುಗಳನ್ನು ಬಿಡುವಂತಿಲ್ಲ. ಜೇಬಿನ ಐರನ್ ಪೆನ್ನಿನಂತೆಯೇ ಕಾಣುವುದರಿಂದ ಅಪಾಯ ಹೆಚ್ಚು. ಅದಕ್ಕೆ ಸ್ಥಿರವಾದ ಸ್ಟ್ಯಾಂಡ್ ಇರಲೇಬೇಕು. ಅಲುಗಾಡದೆ ಬಿಟ್ಟರೆ ತಾನಾಗಿ ಆರುವ ಏರ್ಪಾಡು ಇರುವ ಐರನ್ನನ್ನೇ ಆರಿಸುವುದು ಮೇಲು. ಎರಡು ಪಿನ್ನಿನ ಚಾರ್ಜರುಗಳಿಗೆ ಭೂಸಂಪರ್ಕವಿಲ್ಲ. ಅವುಗಳಿಗೆ ಜೋಡಿಸಿದ ಲೋಹವನ್ನು ಮುಟ್ಟಿದಾಗ ಬೆರಳು ಜುಮ್ಮೆನ್ನುವುದು ಅನೇಕರ ಅನುಭವ. ಮನುಷ್ಯನಿಗೆ ಅದು ಅಲ್ಪವಾದರೂ ಸೂಕ್ಷ್ಮವಾದ ಚಿಪ್ಪುಗಳಿಗೆ ಹಾನಿಯಾಗಬಹುದು. ಮೂರು ಪಿನ್ನಿನ, ಭೂಸಂಪರ್ಕವುಳ್ಳ ಚಾರ್ಜರನ್ನಾಗಲಿ, ಐರನ್ನಿಗೆ ಅರ್ತ್ ತಂತಿ ಸಿಕ್ಕಿಸುವ ಸೌಕರ್ಯವನ್ನಾಗಲಿ ನೋಡಿಕೊಳ್ಳಬೇಕು.

ಬೆಸುಗೆಯ ಹೊಗೆಯಲ್ಲಿ ಸೀಸವಿದೆ ಎಂಬ ಭಯ ಬಹುಮಟ್ಟಿಗೆ ನಿರಾಧಾರ. ಈ ಕಾವಿಗೆ ಸೀಸ ಗಮನಾರ್ಹವಾಗಿ ಆವಿಯಾಗುವುದಿಲ್ಲ. ಸೀಸ ಮೈ ಸೇರುವುದು ಕೈಯಿಂದ ಬಾಯಿಗೆ. ಕೆಲಸ ಮುಗಿದೊಡನೆ ಸಾಬೂನು ಹಚ್ಚಿ ಕೈ ತೊಳೆಯಬೇಕು. ಊಟದ ಮೇಜಿನ ಮೇಲೆ ಈ ಕೆಲಸ ಕೂಡದು. ಬೆಸುಗೆ ತಂತಿಯನ್ನು ಹಲ್ಲಿನಲ್ಲಿ ಕಚ್ಚುವುದಂತೂ ಎಂದೆಂದಿಗೂ ಕೂಡದು. ಚಿಕ್ಕ ಮಕ್ಕಳಿದ್ದರೆ ಸೀಸರಹಿತ ತಂತಿಯೇ ಲೇಸು. ಹೊಗೆಯಲ್ಲಿರುವುದು ಮುಖ್ಯವಾಗಿ ರಾಳ. ಅದು ಉಬ್ಬಸವನ್ನು ತರಬಲ್ಲದು. ಕಿಟಕಿಯ ಬಳಿ ಕುಳಿತು, ಹೊಗೆ ಮುಖದಿಂದ ಆಚೆಗೆ ಹೋಗುವಂತೆ ಒಂದು ಸಣ್ಣ ಫ್ಯಾನನ್ನು ಇಟ್ಟುಕೊಳ್ಳಬೇಕು.

ಯಾವುದಕ್ಕೆ ಕೈ ಹಾಕಬಾರದೆಂಬುದನ್ನೂ ಹೇಳಬೇಕು. ಬ್ಯಾಟರಿಯ ರೇಡಿಯೋ, ಆಟದ ಸಾಮಾನು, ಟಾರ್ಚು, ಹೆಡ್‌ಫೋನಿನ ತಂತಿ, ಇವು ಹವ್ಯಾಸಿಗಳ ಕ್ಷೇತ್ರ. ಅವುಗಳನ್ನೂ ಬ್ಯಾಟರಿ ತೆಗೆದೇ ಮುಟ್ಟಬೇಕು. ಗೋಡೆಯ ವಿದ್ಯುತ್ತಿನಿಂದ ನಡೆಯುವ ಟಿ.ವಿ., ಚಾರ್ಜರು ಮೊದಲಾದವುಗಳೊಳಗೆ ಪ್ಲಗ್ ಕಿತ್ತ ಮೇಲೆಯೂ 300 ವೋಲ್ಟಿಗೆ ಮೀರಿ ಉಳಿದಿರಬಹುದು. ಮೈಕ್ರೋವೇವ್ ಒಲೆಯೊಳಗಿನ ವೋಲ್ಟೇಜು ಪ್ರಾಣವನ್ನೇ ತೆಗೆಯಬಲ್ಲದು. ಲಿಥಿಯಮ್ ಬ್ಯಾಟರಿಯ ಮೈಗೆ ನೇರವಾಗಿ ಬೆಸುಗೆ ಹಾಕಿದರೆ ಬೆಂಕಿ ಹೊತ್ತೀತು. ಇವುಗಳನ್ನು ಅನುಭವಸ್ಥರಿಗೆ ಬಿಡುವುದರಲ್ಲಿ ಅವಮಾನವೇನೂ ಇಲ್ಲ.

ಆ ಸಂಜೆ ದೊಡ್ಡಪ್ಪ ತಮ್ಮ ಕೈಯಿಂದ ಐರನ್ ಹಿಡಿಯಲಿಲ್ಲ. ಪಕ್ಕದಲ್ಲಿ ಕುಳಿತು ಹೇಳಿದರು, ಹುಡುಗಿ ಮಾಡಿದಳು. ಅಪ್ಪನ ಲ್ಯಾಪ್‌ಟಾಪಿನ 65 ವ್ಯಾಟಿನ ಚಾರ್ಜರು ಬಂದಿತು. ಐರನ್ನಿನ ಜೊತೆಗೆ ಬಂದು ಪೆಟ್ಟಿಗೆಯಲ್ಲಿಯೇ ಉಳಿದಿದ್ದ ಚಪ್ಪಟೆ ಮೊನೆ ಸೂಜಿಮೊನೆಯ ಸ್ಥಾನಕ್ಕೆ ಬಂದಿತು. ಸ್ಪ್ರಿಂಗಿನ ತುದಿಯನ್ನು ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜಿದರು. ಎದ್ದುಹೋದ ಪಟ್ಟಿಯ ಮುಂದಿನ ಭಾಗದಲ್ಲಿ ಹಸಿರು ಬಣ್ಣವನ್ನು ಚೂರಿಯ ತುದಿಯಿಂದ ಕೆರೆದು ತಾಮ್ರವನ್ನು ಹೊರತೆಗೆದರು. ತಂತಿಗೆ, ಸ್ಪ್ರಿಂಗಿಗೆ, ತಾಮ್ರಕ್ಕೆ ಮೂರಕ್ಕೂ ಮೊದಲೇ ಬೇರೆಬೇರೆಯಾಗಿ ಸೀಸದ ಕಲಾಯಿ ಆಯಿತು. 340 ಡಿಗ್ರಿ. ಮೊನೆ ತಾಗಿತು, ಪರದೆಯ ಅಂಕಿ ಸ್ವಲ್ಪ ಇಳಿದು ಕೂಡಲೆ ಮೇಲೆದ್ದಿತು.

“ಈಗ ಸೀಸವನ್ನು ಕೊಡು. ಮೊನೆಗಲ್ಲ, ತಂತಿಗೆ.”

ಸೀಸ ನೀರಿನಂತೆ ಹರಿದು ತಂತಿಯನ್ನೂ ತಾಮ್ರವನ್ನೂ ತಬ್ಬಿಕೊಂಡಿತು. ಎರಡೂವರೆ ಸೆಕೆಂಡು ಹಿಡಿದಿರಬಹುದು.

“ಇಷ್ಟೇನೇ?” ಎಂದಳು ಹುಡುಗಿ.

“ಇಷ್ಟೇ. ಅಂದು ನೀನು ಹೆಚ್ಚು ಕಾವು ಕೊಟ್ಟೆ ಎಂದುಕೊಂಡೆ. ಹೆಚ್ಚು ಹೊತ್ತು ಕೊಟ್ಟೆ, ಅಷ್ಟೆ.”

ಮರುದಿನ ಬೆಳಿಗ್ಗೆ ಅಡುಗೆಮನೆಯ ಗೂಡಿನಲ್ಲಿ ರೇಡಿಯೋ ಮತ್ತೆ ಕುಳಿತಿತ್ತು. ಅಜ್ಜಿ ಎಂದಿನಂತೆ ಗುಂಡಿಯನ್ನು ತಿರುಗಿಸಿದರು, ವಾರ್ತೆ ಆರಂಭವಾಯಿತು. ಕೇಳುತ್ತ ಕೇಳುತ್ತ ಅವರು ಮೊಮ್ಮಗಳನ್ನು ಕರೆದು, “ಹಾಲಿನಲ್ಲಿ ಗಡಿಯಾರದ ಬ್ಯಾಟರಿಯ ಜಾಗವೂ ಸಡಿಲವಾಗಿದೆಯಂತೆ, ನೋಡು ಮಗು” ಎಂದರು.

ಹುಡುಗಿ ಐರನ್ನನ್ನು ತರಲು ಎದ್ದಳು. ನಡುವೆ ನಿಂತು, ಮೊದಲು ಅಪ್ಪನ ಚಾರ್ಜರನ್ನು ಕೇಳಲು ಹೋದಳು.